ಗದ್ದೆಯ ನಡುವೆ ಹೆಡ್‌ಫೋನ್

(ದತ್ತಿ ಉಪನ್ಯಾಸದ ಲಿಖಿತ ರೂಪ)



ಕಲೆ ಮತ್ತು ಎಳೆಯ ವಯಸ್ಸಿನ ಬಗ್ಗೆ ಮಾತಾಡಬೇಕೆಂದು ಕೇಳಿದ್ದೀರಿ. ಇಂಥ ವಿಷಯ ಕೈಗೆ ಸಿಕ್ಕರೆ ಸಲೀಸಾದ ದಾರಿಯೊಂದಿದೆ. ಸಂಗೀತಕ್ಕೆ ಹಸು, ಹಾವು, ತೊಟ್ಟಿಲ ಕೂಸು ಎಲ್ಲವೂ ತಲೆದೂಗುತ್ತವೆ, ಹಾಡು ಕೇಳಿ ಬೆಳೆದ ಮಗು ಕೆಟ್ಟ ದಾರಿ ಹಿಡಿಯುವುದಿಲ್ಲ, ಆದ್ದರಿಂದ ಮಕ್ಕಳನ್ನು ಸಂಗೀತದ ಪಾಠಕ್ಕೆ ಕಳಿಸಿ ಎಂದು ಹೇಳಿ ಕೂರಬಹುದು. ಚಪ್ಪಾಳೆಗೂ ಕೊರತೆಯಾಗುವುದಿಲ್ಲ. ಆದರೆ ಈ ನಂಬಿಕೆಯನ್ನೇ ಎಳೆದು ಅಂಗಳಕ್ಕೆ ಹಾಕಿ, ನಿಜವೇ ಎಂದು ಕೇಳುವ ಒಂದು ಚಿತ್ರವಿದೆ. ಇವತ್ತು ಅದರ ಬಗ್ಗೆಯೇ ಮಾತಾಡುತ್ತೇನೆ. 2001ರ ಅಕ್ಟೋಬರ್‌ನಲ್ಲಿ ಜಪಾನಿನಲ್ಲಿ ತೆರೆಕಂಡ ‘ಆಲ್ ಅಬೌಟ್ ಲಿಲಿ ಶುಶು’. ನಿರ್ದೇಶಕ ಷುಂಜಿ ಇವಾಯ್. ಉದ್ದ 146 ನಿಮಿಷ.

ಜಪಾನ್ ಎಂದರೆ ನಮ್ಮ ಚಿತ್ರಸಮಾಜಗಳ ಪೀಳಿಗೆಗೆ ನಿರ್ದೇಶಕರಾದ ಕುರೊಸಾವಾ, ಓಜು, ಮಿಜೊಗುಚಿ. ಮಳೆ, ಖಡ್ಗ, ಚಾಪೆಯ ಮೇಲೆ ಮಂಡಿಯೂರಿ ಕೂತ ಅಪ್ಪ-ಮಗಳು. ಆ ಪಟ್ಟಿಯ ಹೊರಗೆ ಕೆರಳಿದ ಹುಡುಗರ ಸಿನಿಮಾದ ಒಂದು ದೊಡ್ಡ ಸಾಲೇ ಇದೆ. 1971ರಲ್ಲಿ ಕವಿ, ನಾಟಕಕಾರ ಷುಜಿ ತೆರಯಾಮಾ ‘ಪುಸ್ತಕ ಬಿಸಾಡಿ, ಬೀದಿಗೆ ಇಳಿಯಿರಿ’ ಎಂಬ ಅರ್ಥದ ಹೆಸರಿನ ಚಿತ್ರ ಮಾಡಿದ. ಅದರ ಆರಂಭದಲ್ಲಿ ತೆರೆ ಖಾಲಿ. ಆಮೇಲೆ ಒಬ್ಬ ಹುಡುಗ ಬಂದು, ಕತ್ತಲಲ್ಲಿ ಸುಮ್ಮನೆ ಕೂತು ಏನು ಮಾಡುತ್ತಿದ್ದೀರಿ ಎಂದು ಪ್ರೇಕ್ಷಕರನ್ನೇ ದಬಾಯಿಸುತ್ತಾನೆ. 1982ರಲ್ಲಿ ನಿರ್ದೇಶಕ ಸೊಗೊ ಇಷಿಯಿ ‘ಬರ್ಸ್ಟ್ ಸಿಟಿ’ಯಲ್ಲಿ ಪಂಕ್ ಬ್ಯಾಂಡುಗಳನ್ನು ಪೊಲೀಸರ ಎದುರಿಗೆ ತಂದು ನಿಲ್ಲಿಸಿದ. ಆ ಚಿತ್ರಗಳ ಹುಡುಗರು ಕೂಗುತ್ತಾರೆ, ಒಡೆಯುತ್ತಾರೆ, ಬೀದಿಗಿಳಿಯುತ್ತಾರೆ. ಇವಾಯ್‌ನ ಹುಡುಗರು ಹಾಗಲ್ಲ. ಹದಿಮೂರು, ಹದಿನಾಲ್ಕರ ಈ ಮಕ್ಕಳು ದನಿ ಎತ್ತುವುದೇ ಅಪರೂಪ. ಅವರ ಸಂಕಟವೆಲ್ಲ ಕಿವಿಯೊಳಗೆ.

ಮೊದಲ ದೃಶ್ಯ ನೋಡಿ. ಕಣ್ಣು ಹಾಯುವಷ್ಟು ದೂರ ಹಸಿರು ಗದ್ದೆ. ಪೈರು ಸೊಂಟದೆತ್ತರ ಬೆಳೆದಿದೆ, ಗಾಳಿಗೆ ಬಾಗುತ್ತಿದೆ. ನಡುವೆ ಬಿಳಿ ಅಂಗಿಯ ಯೂನಿಫಾರ್ಮ್ ತೊಟ್ಟ ಹುಡುಗ, ಕಿವಿಗೆ ಹೆಡ್‌ಫೋನ್, ಕೈಯಲ್ಲಿ ಸಿಡಿ ಪ್ಲೇಯರ್. ಅಷ್ಟರಲ್ಲಿ ಕೀಬೋರ್ಡ್ ಕುಟ್ಟುವ ಸದ್ದು. ತೆರೆಯ ಮೇಲೆ ಅಕ್ಷರಗಳು ಒಂದೊಂದಾಗಿ ಮೂಡಿ ಸಾಲಾಗಿ ಅಳಿಸಿಹೋಗುತ್ತವೆ. ಯಾರೋ ಯಾರಿಗೋ ಲಿಲಿ ಶುಶು ಎಂಬ ಗಾಯಕಿಯ ಬಗ್ಗೆ ಬರೆಯುತ್ತಿದ್ದಾರೆ. ಬರೆಯುವವರಿಗೆ ಮುಖವಿಲ್ಲ, ಇರುವುದು ಅಡ್ಡಹೆಸರು ಮಾತ್ರ. ಲಿಲಿಯ ಹಾಡಿನಲ್ಲಿ ‘ಈಥರ್’ ಎಂಬುದಿದೆಯಂತೆ. ಅದು ಕೆಲವರಿಗೆ ಮಾತ್ರ ಮುಟ್ಟುತ್ತದಂತೆ. ಲಿಲಿ ಹುಟ್ಟಿದ್ದು 1980ರ ಡಿಸೆಂಬರ್ 8ರ ರಾತ್ರಿ 10.50ಕ್ಕೆ, ಅಂದರೆ ನ್ಯೂಯಾರ್ಕಿನಲ್ಲಿ ಜಾನ್ ಲೆನನ್‌ಗೆ ಗುಂಡು ಬಿದ್ದ ಗಳಿಗೆಯಲ್ಲಿ. ಭಕ್ತಮಂಡಳಿಗೆ ಬೇಕಾದ ಪುರಾಣವೆಲ್ಲ ಹೀಗೆ ಐದೇ ನಿಮಿಷದಲ್ಲಿ ಸಿದ್ಧವಾಗುತ್ತದೆ. ಹೊಸ ಪ್ರೇಕ್ಷಕ ಇಲ್ಲಿ ತಬ್ಬಿಬ್ಬಾಗುತ್ತಾನೆ. ಕಥೆ ನೋಡಲೋ, ಅಕ್ಷರ ಓದಲೋ ಎಂದು ಗೊಣಗುತ್ತಾನೆ. ಸ್ವಲ್ಪ ತಾಳಿಕೊಳ್ಳಿ ಎಂದಷ್ಟೇ ಹೇಳಬಲ್ಲೆ.

ಲಿಲಿ ಶುಶು ಎಂಬ ಗಾಯಕಿ ಇರಲಿಲ್ಲ. ಇವಾಯ್ ಅವಳನ್ನು ಕಲ್ಪಿಸಿಕೊಂಡ. ಹಾಂಕಾಂಗ್‌ನ ಗಾಯಕಿ ಫೇ ವಾಂಗ್‌ಳ ಕಛೇರಿಯೊಂದು ಅವನಿಗೆ ಈ ಎಳೆಯನ್ನು ಕೊಟ್ಟಿತ್ತು. ಚಿತ್ರಕ್ಕೆ ಮುಂಚೆಯೇ, 2000ನೇ ಇಸವಿಯಲ್ಲಿ, ಅವನು ಅಂತರ್ಜಾಲದಲ್ಲಿ ಲಿಲಿಯ ಅಭಿಮಾನಿಗಳ ಒಂದು ತಾಣವನ್ನೇ ತೆರೆದು, ಅಲ್ಲಿ ಕಾದಂಬರಿಯನ್ನು ಕಂತುಕಂತಾಗಿ ಬೆಳೆಸಿದ. ಕಾದಂಬರಿಯ ಪಾತ್ರಗಳು ಅಲ್ಲಿ ಬರೆಯುತ್ತಿದ್ದವು, ನಿಜವಾದ ಓದುಗರೂ ಬಂದು ಬರೆಯುತ್ತಿದ್ದರು. ಪಾತ್ರ ಯಾವುದು, ಓದುಗ ಯಾರು ಎಂಬ ಗೆರೆ ಬೆರೆತುಹೋಯಿತು. ಚಿತ್ರಕ್ಕಾಗಿ ತಾಕೆಷಿ ಕೊಬಾಯಾಷಿ ಸಂಗೀತ ಮಾಡಿದ, ಸಾಲ್ಯು ಎಂಬ ಹೊಸ ಗಾಯಕಿ ಲಿಲಿಯ ದನಿಯಾದಳು. ಇಲ್ಲದ ಗಾಯಕಿಯ ಹೆಸರಿನಲ್ಲಿ ನಿಜವಾದ ಆಲ್ಬಮ್ ಬಿಡುಗಡೆಯಾಯಿತು, ಅಂಗಡಿಗಳಲ್ಲಿ ಮಾರಾಟವಾಯಿತು. ಈ ಆಟ ಇವಾಯ್‌ಗೆ ಹೊಸದೇನಲ್ಲ. 1996ರ ‘ಸ್ವಾಲೋಟೇಲ್ ಬಟರ್‌ಫ್ಲೈ’ ಚಿತ್ರಕ್ಕೂ ಇದೇ ಕೊಬಾಯಾಷಿಯ ಜೊತೆ ಒಂದು ಕಾಲ್ಪನಿಕ ಬ್ಯಾಂಡ್ ಕಟ್ಟಿ ಅದರ ಹಾಡುಗಳನ್ನು ಜನರಿಂದ ಕೊಳ್ಳಿಸಿದ್ದ. ಲಿಲಿಯ ಹೆಸರಿನ ಹಿಂದೆ ಫ್ರೆಂಚ್ ಸಂಗೀತಗಾರ ಕ್ಲಾಡ್ ಡೆಬುಸ್ಸಿ ಇದ್ದಾನೆ. ಅವನ ಮಗಳ ಮುದ್ದಿನ ಹೆಸರು ಶುಶು. 1908ರಲ್ಲಿ ಪ್ರಕಟವಾದ ‘ಚಿಲ್ಡ್ರನ್ಸ್ ಕಾರ್ನರ್’ ಎಂಬ ಪಿಯಾನೊ ರಚನೆಗಳನ್ನು ಅವನು ಅರ್ಪಿಸಿದ್ದು ಆ ಪುಟ್ಟ ಮಗಳಿಗೇ. ಅಪ್ಪ 1918ರಲ್ಲಿ ಸತ್ತ, ಮರುವರ್ಷ ಮಗಳೂ ತೀರಿಕೊಂಡಳು. ಚಿತ್ರದ ತುಂಬ ಲಿಲಿಯ ಹಾಡಿನ ಜೊತೆಜೊತೆಗೆ ಡೆಬುಸ್ಸಿಯ ಪಿಯಾನೊ ಹರಿಯುತ್ತದೆ. ಇದನ್ನು ನೆನಪಿಡಿ, ಯಾಕೆಂದರೆ ಕೊನೆಗೆ ಮುಖ್ಯವಾಗುವುದು ಆ ಪಿಯಾನೊ.

ಒಂಟಿಯಾಗಿ ಕೇಳುವುದು ಎಂಬ ಅಭ್ಯಾಸದ ಬಗ್ಗೆ ಇಲ್ಲಿ ಒಂದಿಷ್ಟು ಹೇಳಬೇಕು. ಸಂಗೀತ ಎಂದರೆ ಒಟ್ಟಿಗೆ ಕೂತು ಕೇಳುವುದು ಎಂದೇ ಬಹುಕಾಲ ಎಲ್ಲ ಕಡೆಯೂ ಇತ್ತು. ಗ್ರಾಮಫೋನು, ರೇಡಿಯೊ ಬಂದ ಮೇಲೂ ಮನೆಯವರೆಲ್ಲ ಸೇರಿಯೇ ಕೇಳುತ್ತಿದ್ದರು. ಅದನ್ನು ಒಬ್ಬನ ಕಿವಿಗೆ ತಂದು ಕಟ್ಟಿದ್ದು 1979ರ ಜುಲೈನಲ್ಲಿ ಜಪಾನಿನ ಸೋನಿ ಮಾರುಕಟ್ಟೆಗೆ ಬಿಟ್ಟ ವಾಕ್‌ಮನ್. ಆ ಮೊದಲ ವಾಕ್‌ಮನ್‌ನಲ್ಲಿ ಹೆಡ್‌ಫೋನ್ ಸಿಕ್ಕಿಸಲು ಒಂದಲ್ಲ, ಎರಡು ತೂತುಗಳಿದ್ದವು. ಒಂದು ಕಿತ್ತಳೆ ಬಣ್ಣದ ಗುಂಡಿಯೂ ಇತ್ತು. ಒತ್ತಿದರೆ ಹಾಡಿನ ಸದ್ದು ತಗ್ಗಿ, ಒಳಗಿನ ಮೈಕಿನ ಮೂಲಕ ಇಬ್ಬರು ಕೇಳುಗರು ಪರಸ್ಪರ ಮಾತಾಡಬಹುದಿತ್ತು. ಪಕ್ಕದಲ್ಲಿ ಇನ್ನೊಬ್ಬರಿರುವಾಗ ತಾನೊಬ್ಬನೇ ಕೇಳುವುದು ಮರ್ಯಾದೆಯಲ್ಲ ಎಂದು ಕಂಪನಿಯ ಮುಖ್ಯಸ್ಥ ಅಕಿಯೊ ಮೊರಿತಾನಿಗೆ ಅನ್ನಿಸಿತ್ತು. ಕೊಂಡವರಿಗೆ ಹಾಗನ್ನಿಸಲಿಲ್ಲ. ಮುಂದಿನ ಮಾದರಿಗಳಲ್ಲಿ ಆ ಗುಂಡಿ ಹೋಯಿತು, ಕಾಲಕ್ರಮೇಣ ಎರಡನೇ ತೂತೂ ಹೋಯಿತು. ಇಪ್ಪತ್ತು ವರ್ಷದ ನಂತರ ಇವಾಯ್‌ನ ಗದ್ದೆಯಲ್ಲಿ ನಿಂತ ಹುಡುಗನ ಯಂತ್ರದಲ್ಲಿ ಇನ್ನೊಬ್ಬನಿಗೆ ಜಾಗವಿಲ್ಲ. ಮಾತಾಡಬೇಕೆನ್ನಿಸಿದರೆ ರಾತ್ರಿ ಕಂಪ್ಯೂಟರಿನ ಮುಂದೆ ಕೂತು, ಅಡ್ಡಹೆಸರಿನಲ್ಲಿ ಅಪರಿಚಿತರ ಜೊತೆ ಮಾತಾಡಬೇಕು.

ಆ ಹುಡುಗನ ಹೆಸರು ಯುಯಿಚಿ ಹಸುಮಿ. ಊರು ಎಂದು ತೋರಿಸಿರುವ ಗದ್ದೆ, ಬಯಲು, ವಿದ್ಯುತ್ ಗೋಪುರಗಳನ್ನು ಚಿತ್ರೀಕರಿಸಿರುವುದು ತೊಚಿಗಿ ಪ್ರಾಂತ್ಯದ ಅಷಿಕಾಗಾ ಸುತ್ತಮುತ್ತ. ಟೋಕಿಯೊದಿಂದ ಉತ್ತರಕ್ಕೆ ಸುಮಾರು 80 ಕಿಲೋಮೀಟರ್. ಒಂದು ಕಾಲಕ್ಕೆ ನೇಯ್ಗೆಗೆ ಹೆಸರಾಗಿದ್ದ ಪಟ್ಟಣ. ಮಹಾನಗರದ ಹೊಳಪೂ ಇಲ್ಲ, ಹಳ್ಳಿಯ ನೆಮ್ಮದಿಯೂ ಇಲ್ಲ. ಯುಯಿಚಿ ಅಂಗಡಿಯಲ್ಲಿ ಸಿಡಿ ಕದ್ದು ಸಿಕ್ಕಿಬೀಳುತ್ತಾನೆ. ಸಹಪಾಠಿ ಷುಸುಕೆ ಹೊಷಿನೊನ ಗುಂಪು ಅವನನ್ನು ಹಿಡಿದು ಬಡಿಯುತ್ತದೆ, ಸಿಡಿಯನ್ನು ಮುರಿಯುತ್ತದೆ, ಹೇಳಲು ಹೇಸುವಂಥ ಅವಮಾನವನ್ನು ಎಲ್ಲರ ಎದುರು ಮಾಡಿಸುತ್ತದೆ. ಆಮೇಲೆ ಚಿತ್ರ ಒಂದು ವರ್ಷ ಹಿಂದಕ್ಕೆ ಹೋಗುತ್ತದೆ. ಇದೇ ಹೊಷಿನೊ ಆಗ ತರಗತಿಗೆ ಮೊದಲಿಗ, ಹೊಸ ವಿದ್ಯಾರ್ಥಿಗಳ ಪರವಾಗಿ ಸಭೆಯಲ್ಲಿ ಮಾತಾಡಿದವನು. ಕೆಂಡೊ ಕತ್ತಿವರಸೆಯ ತಂಡದಲ್ಲಿ ಯುಯಿಚಿಯ ಗೆಳೆಯ. ಹೊಷಿನೊನ ಮನೆಯಲ್ಲಿ ಯುಯಿಚಿ ಉಳಿದುಕೊಳ್ಳುವಷ್ಟು ಸಲಿಗೆ.

ನಡುವೆ ಓಕಿನಾವಾ ಪ್ರವಾಸವಿದೆ. ಕದ್ದ ದುಡ್ಡಿನಲ್ಲಿ ಹುಡುಗರು ಬೇಸಿಗೆ ರಜೆಗೆ ದಕ್ಷಿಣದ ದ್ವೀಪಕ್ಕೆ ಹೋಗುತ್ತಾರೆ. ಈ ಭಾಗವನ್ನು ಇವಾಯ್ ಹುಡುಗರ ಕೈಯ ಪುಟ್ಟ ವಿಡಿಯೊ ಕ್ಯಾಮೆರಾದಿಂದ ತೆಗೆದಂತೆ ತೋರಿಸುತ್ತಾನೆ. ಚಿತ್ರ ಕುಣಿಯುತ್ತದೆ, ಬೆಳಕು ಉಕ್ಕುತ್ತದೆ, ಯಾರ ಕಾಲೋ ಯಾರ ತಲೆಯೋ ಅಡ್ಡ ಬರುತ್ತದೆ. ಮದುವೆಯ ವಿಡಿಯೊ ತೆಗೆಯುವವನಿಗೂ ಇಷ್ಟು ಕೈ ನಡುಗಲಾರದು. ಹೊಷಿನೊ ಸಮುದ್ರದಲ್ಲಿ ಮುಳುಗಿ ಸಾವಿನ ಅಂಚಿಗೆ ಹೋಗಿ ಬರುತ್ತಾನೆ. ದಾರಿಯಲ್ಲಿ ಪರಿಚಯವಾದ ಪ್ರವಾಸಿಯೊಬ್ಬನಿಗೆ ಅವರ ಕಣ್ಣೆದುರೇ ಕಾರು ಗುದ್ದುತ್ತದೆ. ಊರಿಗೆ ಮರಳಿದ ಹೊಷಿನೊ ಬೇರೆಯವನೇ ಆಗಿರುತ್ತಾನೆ. ತರಗತಿಯ ಹಳೆಯ ಪುಂಡನನ್ನು ಮಣ್ಣುಮುಕ್ಕಿಸಿ ತಾನೇ ಆ ಜಾಗದಲ್ಲಿ ಕೂರುತ್ತಾನೆ. ಯಾಕೆ ಹೀಗಾದ? ಮನೆಯ ವ್ಯವಹಾರ ಕುಸಿದಿದೆ ಎಂಬ ಸುಳಿವೊಂದಿದೆ. ಸಮುದ್ರದ ಆ ಗಳಿಗೆಯಿದೆ. ಆದರೆ ಇದರಿಂದ ಅದು ಎಂದು ಲೆಕ್ಕ ತೋರಿಸಿಕೊಡಲು ಇವಾಯ್ ಒಪ್ಪುವುದಿಲ್ಲ. ನನಗೆ ಇದು ಚಿತ್ರದ ದೊಡ್ಡ ಗುಣವಾಗಿ ಕಾಣುತ್ತದೆ.

ಲೆಕ್ಕ ಬೇಕೆಂದು ಆಗ ಇಡೀ ಜಪಾನ್ ಕೇಳುತ್ತಿತ್ತು. 1990ರ ದಶಕದ ಆರಂಭದಲ್ಲಿ ಷೇರು ಮತ್ತು ಜಮೀನಿನ ಗುಳ್ಳೆ ಒಡೆದು ಆರ್ಥಿಕತೆ ನೆಲ ಕಚ್ಚಿತ್ತು. 1995ರಲ್ಲಿ ಕೋಬೆ ಭೂಕಂಪ, ಅದೇ ವರ್ಷ ಟೋಕಿಯೊ ಸುರಂಗ ರೈಲಿನಲ್ಲಿ ವಿಷಾನಿಲ. 1997ರಲ್ಲಿ ಕೋಬೆಯಲ್ಲಿ ಮಕ್ಕಳನ್ನು ಕೊಂದವನು ಹದಿನಾಲ್ಕರ ಹುಡುಗ ಎಂದು ಗೊತ್ತಾದಾಗ ದೇಶ ಬೆಚ್ಚಿಬಿತ್ತು. 2000ದ ಮೇ ತಿಂಗಳಲ್ಲಿ ಹದಿನೇಳರವನೊಬ್ಬ ಬಸ್ ಅಪಹರಿಸಿದ. ಆ ವರ್ಷದ ಕೊನೆಗೆ ಬಾಲಾಪರಾಧ ಕಾಯ್ದೆಗೆ ತಿದ್ದುಪಡಿ ತಂದು, ಕ್ರಿಮಿನಲ್ ಶಿಕ್ಷೆ ವಿಧಿಸಬಹುದಾದ ವಯಸ್ಸನ್ನು 16ರಿಂದ 14ಕ್ಕೆ ಇಳಿಸಿದರು. 2001ರ ಏಪ್ರಿಲ್‌ನಿಂದ ಅದು ಜಾರಿಗೆ ಬಂತು. ಸಹಪಾಠಿಗಳು ಒಬ್ಬರನ್ನೊಬ್ಬರು ಕೊಲ್ಲಬೇಕಾಗುವ ‘ಬ್ಯಾಟಲ್ ರಾಯಲ್’ 2000ದ ಡಿಸೆಂಬರಿನಲ್ಲಿ ಬಂದು, ಸಂಸತ್ತಿನಲ್ಲೂ ಗದ್ದಲವಾಯಿತು. ಹದಿನಾಲ್ಕು ಎಂಬ ವಯಸ್ಸೇ ಅಲ್ಲಿ ಒಂದು ಭಯದ ಹೆಸರಾಗಿತ್ತು. ‘ಬ್ಯಾಟಲ್ ರಾಯಲ್’ ಆ ಭಯವನ್ನು ರಕ್ತದ ಓಕುಳಿಯಾಗಿ ಆಡಿತು. ಇವಾಯ್ ಅದೇ ವಯಸ್ಸಿನ ಮಕ್ಕಳ ಹತ್ತಿರ ಹೋಗಿ ಅವರು ಏನು ಕೇಳುತ್ತಿದ್ದಾರೆ ಎಂದು ಕಿವಿಗೊಟ್ಟ.

ಕೇಳಿಸಿದ್ದು ಮಾತ್ರ ಸಮಾಧಾನದ ಸುದ್ದಿಯಲ್ಲ. ಯುಯಿಚಿ ರಾತ್ರಿ ‘ಫಿಲಿಯಾ’ ಎಂಬ ಹೆಸರಿನಲ್ಲಿ ಲಿಲಿಯ ಅಭಿಮಾನಿಗಳ ತಾಣ ನಡೆಸುತ್ತಾನೆ. ಅಲ್ಲಿ ಅವನಿಗೆ ‘ನೀಲಿ ಬೆಕ್ಕು’ ಎಂಬ ಹೆಸರಿನವರೊಬ್ಬರ ಸ್ನೇಹವಾಗುತ್ತದೆ. ನೀಲಿ ಬೆಕ್ಕು ಸೂಕ್ಷ್ಮ ಮನಸ್ಸಿನವರು. ನೋವು ಗೊತ್ತು, ಲಿಲಿಯ ದನಿಯ ಒಂದೊಂದು ಎಳೆಯೂ ಗೊತ್ತು. ಸಾಯಬೇಕೆನ್ನಿಸಿದ ರಾತ್ರಿ ಇಬ್ಬರೂ ಪರಸ್ಪರ ಹಿಡಿದು ನಿಲ್ಲಿಸಿಕೊಳ್ಳುತ್ತಾರೆ. ಅಕ್ಷರಗಳನ್ನು ಓದುತ್ತಾ ಓದುತ್ತಾ ನಮಗೂ ನೀಲಿ ಬೆಕ್ಕಿನ ಮೇಲೆ ಅಕ್ಕರೆ ಹುಟ್ಟಿಬಿಡುತ್ತದೆ. ಟೋಕಿಯೊದ ಯೊಯೊಗಿಯಲ್ಲಿ, 1964ರ ಒಲಿಂಪಿಕ್ಸ್‌ಗೆಂದು ಕೆಂಜೊ ತಾಂಗೆ ಕಟ್ಟಿದ ಕ್ರೀಡಾಂಗಣದಲ್ಲಿ, ಲಿಲಿಯ ಕಛೇರಿ. ಅಲ್ಲಿ ಭೇಟಿಯಾಗೋಣ, ಕೈಯಲ್ಲಿ ಹಸಿರು ಸೇಬು ಹಿಡಿದಿರುತ್ತೇನೆ ಎಂದು ನೀಲಿ ಬೆಕ್ಕು ಬರೆದಿದೆ. ಸಾವಿರಾರು ಜನರ ನೂಕುನುಗ್ಗಲಿನಲ್ಲಿ ಯುಯಿಚಿಗೆ ಹೊಷಿನೊ ಎದುರಾಗುತ್ತಾನೆ. ಯುಯಿಚಿಯ ಟಿಕೆಟ್ ಕಿತ್ತುಕೊಂಡು ಬಿಸಾಡುತ್ತಾನೆ. ಹಸಿರು ಸೇಬು ಇರುವುದು ಹೊಷಿನೊನ ಕೈಯಲ್ಲಿ.

ಕಥೆ ಹೇಳಿಬಿಟ್ಟಿರಲ್ಲ ಎಂದು ಆಕ್ಷೇಪಿಸಬೇಡಿ. ಇದು ಗುಟ್ಟು ಕಾಯುವ ಪತ್ತೇದಾರಿ ಚಿತ್ರವಲ್ಲ. ಗೊತ್ತಿದ್ದು ನೋಡಿದರೆ ಇನ್ನೂ ಹೆಚ್ಚು ಚುಚ್ಚುತ್ತದೆ. ಪೆಟ್ಟು ತಿಂದವನೂ ಪೆಟ್ಟು ಕೊಟ್ಟವನೂ ಒಂದೇ ಹಾಡಿನಲ್ಲಿ ಅಡಗಿದ್ದರು. ಹಾಡು ಇಬ್ಬರಿಗೂ ಮೋಸ ಮಾಡಲಿಲ್ಲ, ಇಬ್ಬರನ್ನೂ ಒಂದೇ ಸಮ ಸಂತೈಸಿತು. ಹೊಷಿನೊ ನಕಲಿ ರಸಿಕನಲ್ಲ. ಅವನ ಕಣ್ಣೀರು ಸಾಚಾ. ಹಗಲು ಹುಡುಗಿಯರನ್ನು ಬೆದರಿಸಿ ಮೈ ಮಾರಿಸುವ ಕೈಯೇ ರಾತ್ರಿ ಹಾಡಿನ ಬಗ್ಗೆ ಮೆಲುವಾಗಿ ಬರೆಯುತ್ತದೆ. ಸಹೃದಯನಾದವನು ಮನುಷ್ಯರ ಮಟ್ಟಿಗೂ ಮೃದುವಾಗಿಯೇ ಇರುತ್ತಾನೆ ಎಂದು ನಾವು ಸಾವಿರ ವರ್ಷದಿಂದ ಅಂದುಕೊಂಡು ಬಂದಿದ್ದೇವೆ. ಈ ಚಿತ್ರದ ಎದುರು ಆ ಎಣಿಕೆ ನಿಲ್ಲುವುದಿಲ್ಲ. ಕಳ್ಳನೊಬ್ಬ ರಾಗ ಕೇಳಿ ಬದಲಾದ ಕಥೆಗಳನ್ನು ಮಕ್ಕಳಿಗೆ ಹೇಳುವ ಮೊದಲು ಇದನ್ನೊಮ್ಮೆ ನೋಡಬೇಕು.

ಹಾಗಾದರೆ ಸಂಗೀತದಿಂದ ಏನೂ ಆಗುವುದಿಲ್ಲವೇ? ಇವಾಯ್ ಹಾಗೂ ಹೇಳಿಲ್ಲ. ಚಿತ್ರದಲ್ಲಿ ಮೂರನೆಯವಳೊಬ್ಬಳಿದ್ದಾಳೆ, ಯೊಕೊ ಕುನೊ. ಹುಡುಗರಿಬ್ಬರೂ ಬರೀ ಕೇಳುಗರು. ಕುನೊ ನುಡಿಸುತ್ತಾಳೆ. ಪಿಯಾನೊದಲ್ಲಿ ಡೆಬುಸ್ಸಿ ಅವಳ ಕೈಗೆ ಒಲಿದಿದ್ದಾನೆ. ಜಪಾನಿನ ಶಾಲೆಗಳಲ್ಲಿ ವರ್ಷಕ್ಕೊಮ್ಮೆ ತರಗತಿಗಳ ನಡುವೆ ಸಮೂಹಗಾನ ಸ್ಪರ್ಧೆ ನಡೆಯುತ್ತದೆ. ಇಡೀ ತರಗತಿ ಹಾಡಬೇಕು, ಒಬ್ಬರು ಪಿಯಾನೊ ನುಡಿಸಬೇಕು, ವಾರಗಟ್ಟಲೆ ತಾಲೀಮು. ಕುನೊ ಪಿಯಾನೊಗೆ ಕೂತರೆ ತಾವು ಹಾಡುವುದಿಲ್ಲ ಎಂದು ಕೆಲವು ಹುಡುಗಿಯರು ಪಟ್ಟು ಹಿಡಿಯುತ್ತಾರೆ. ಅವಳ ತಪ್ಪೇನು ಎಂದರೆ ಚೆನ್ನಾಗಿ ನುಡಿಸುವುದು, ಹುಡುಗರ ಕಣ್ಣಿಗೆ ಬಿದ್ದಿರುವುದು. ಶಿಕ್ಷಕರಿಗೆ ಇದು ಬಗೆಹರಿಸಲಾಗದ ತಲೆನೋವು. ಕುನೊ ಜಗಳವಾಡುವುದಿಲ್ಲ, ಅಳುವುದೂ ಇಲ್ಲ. ವಾದ್ಯವೇ ಬೇಡ ಎಂದು, ಬರೀ ದನಿಗಳಿಂದ ಹಾಡುವಂತೆ ಹಾಡನ್ನು ಹೊಸದಾಗಿ ಹೊಂದಿಸಿ ಬರೆದುಕೊಡುತ್ತಾಳೆ. ರೆಕ್ಕೆ ಬೇಕೆಂದು ಬೇಡುವ, ಜಪಾನಿನ ಶಾಲೆಗಳಲ್ಲೆಲ್ಲ ಹಾಡುವ ಹಾಡು ಅದು. ತನ್ನನ್ನು ದೂರ ಇಟ್ಟವರ ಬಾಯಿಂದಲೇ ಅವಳು ಆ ಸಂಗೀತವನ್ನು ಹೊರಡಿಸುತ್ತಾಳೆ. ಸ್ಪರ್ಧೆಯ ದಿನ ತರಗತಿಯ ಮಕ್ಕಳು ಸಾಲಾಗಿ ನಿಂತು ಹಾಡುವಾಗ ಪಿಯಾನೊದ ಜಾಗ ಖಾಲಿ. ಹಾಡು ಮಾತ್ರ ತುಂಬಿಕೊಂಡಿದೆ. ಈ ನಾಲ್ಕೈದು ನಿಮಿಷಕ್ಕೆ ಇಡೀ ಚಿತ್ರದ ಅಭಿಮಾನಿ ಬರಹಗಳನ್ನೆಲ್ಲ ನಿವಾಳಿಸಿ ಎಸೆಯಬಹುದು. ಕಿವಿಯೊಳಗೆ ಅಡಗಿಕೊಳ್ಳುವ ಸಂಗೀತಕ್ಕೂ ಹತ್ತು ಜನರ ಜೊತೆ ಹೆಣಗಿ ಕಟ್ಟುವ ಸಂಗೀತಕ್ಕೂ ಇರುವ ಅಂತರ ಅಲ್ಲಿ ಗೊತ್ತಾಗುತ್ತದೆ.

ಕುನೊಗೆ ಇದಕ್ಕೆ ಬಹುಮಾನ ಸಿಗುವುದಿಲ್ಲ. ಹೊಷಿನೊನ ಗುಂಪು ಅವಳ ಮೇಲೆ ಅತ್ಯಾಚಾರ ಮಾಡುತ್ತದೆ. ಪಾಳುಬಿದ್ದ ಕಾರ್ಖಾನೆಗೆ ಅವಳನ್ನು ಕರೆತಂದವನು ನಮ್ಮ ಯುಯಿಚಿ. ಒಳಗೆ ಏನಾಗುತ್ತದೆಂದು ಗೊತ್ತಿದ್ದೂ ಹೊರಗೆ ನಿಂತು ಅಳುತ್ತಾನೆ. ಈ ಮಾತನ್ನು ಒತ್ತಿ ಹೇಳಬೇಕು, ಯಾಕೆಂದರೆ ಯುಯಿಚಿಯನ್ನು ಪಾಪದ ಹುಡುಗ ಎಂದು ಎತ್ತಿ ಮುದ್ದಾಡುವ ಪ್ರೇಕ್ಷಕರು ಬಹಳ. ಅವನು ಅತ್ತಿದ್ದರಿಂದ ಕುನೊಗೆ ಏನೂ ಉಪಯೋಗವಾಗಲಿಲ್ಲ. ಮರುದಿನ ಕುನೊ ತಲೆ ಬೋಳಿಸಿಕೊಂಡು ಶಾಲೆಗೆ ಬರುತ್ತಾಳೆ. ಯಾರಿಗೂ ಏನೂ ಹೇಳುವುದಿಲ್ಲ, ಬಂದು ತನ್ನ ಜಾಗದಲ್ಲಿ ಕೂರುತ್ತಾಳೆ. ಇನ್ನೊಬ್ಬ ಹುಡುಗಿ ಷಿಯೊರಿ ತ್ಸುದಾ. ಅವಳನ್ನು ಗಿರಾಕಿಗಳ ಬಳಿಗೆ ಕಳಿಸಿ ದುಡ್ಡು ಕೀಳುತ್ತಿದ್ದವನೂ ಹೊಷಿನೊ, ಕಾವಲಿಗೆ ಇದ್ದವನೂ ಯುಯಿಚಿ. ಬಯಲಿನಲ್ಲಿ ಗಾಳಿಪಟ ಹಾರಿಸುವ ದೊಡ್ಡವರ ಜೊತೆ ಒಂದು ಮಧ್ಯಾಹ್ನ ನಗುನಗುತ್ತಾ ಕಳೆದ ಅವಳು ವಿದ್ಯುತ್ ಗೋಪುರದಿಂದ ಹಾರಿ ಸಾಯುತ್ತಾಳೆ.

ಇಲ್ಲಿ ನನ್ನ ತಕರಾರನ್ನೂ ಹೇಳುತ್ತೇನೆ. ಹುಡುಗರ ಒಳಗಿನ ಬಿರುಗಾಳಿಗೆ ಬೆಲೆ ತೆರುವವರು ಹುಡುಗಿಯರು. ಇವಾಯ್‌ನ ಕ್ಯಾಮೆರಾ ಯುಯಿಚಿಯ ಸಂಕಟದ ಬಳಿ ಎಷ್ಟು ಹೊತ್ತು ನಿಲ್ಲುತ್ತದೋ ಅದರ ಅರ್ಧದಷ್ಟೂ ತ್ಸುದಾಳ ಬಳಿ ನಿಲ್ಲುವುದಿಲ್ಲ. ಛಾಯಾಗ್ರಾಹಕ ನೊಬೊರು ಷಿನೊದಾನ ಬೆಳಕು ಎಷ್ಟು ಚೆಲುವಾಗಿದೆ ಎಂದರೆ ಕೆಲವೆಡೆ ನೋವೂ ಕ್ಯಾಲೆಂಡರಿನ ಚಿತ್ರದಂತೆ ಕಾಣುತ್ತದೆ. ಓಕಿನಾವಾ ಭಾಗ ಅಗತ್ಯಕ್ಕಿಂತ ಉದ್ದ. ಆದರೆ ಇದೇ ಷಿನೊದಾನಿಂದ ಆದ ಲಾಭವೂ ದೊಡ್ಡದು. ಸೋನಿಯ ಆಗಿನ ಹೊಸ 24ಪಿ ಡಿಜಿಟಲ್ ಕ್ಯಾಮೆರಾದಲ್ಲಿ ಚಿತ್ರೀಕರಿಸಿದ ಜಪಾನಿನ ಮೊದಮೊದಲ ಚಿತ್ರಗಳಲ್ಲಿ ಇದೂ ಒಂದು. ಫಿಲ್ಮ್ ರೀಲಿನ ಖರ್ಚಿನ ಹೆದರಿಕೆ ಇಲ್ಲದ್ದರಿಂದ ಕ್ಯಾಮೆರಾ ಮಕ್ಕಳ ಹಿಂದೆ ಹಿಂದೆ ಓಡುತ್ತದೆ, ಸುಸ್ತಾದಾಗ ಅವರ ಜೊತೆ ಕೂರುತ್ತದೆ. ಡಿಜಿಟಲ್ ಎಂದರೆ ಅಗ್ಗ ಎಂದು ಮೂಗು ಮುರಿಯುತ್ತಿದ್ದ ಕಾಲದಲ್ಲಿ ಅವನು ಅದರಿಂದ ಪೈರಿನ ಹಸಿರನ್ನು ಹೀಗೆ ಹಿಂಡಿ ತೆಗೆದ. 2004ರಲ್ಲಿ ಷಿನೊದಾ ತೀರಿಕೊಂಡ. ತನ್ನ ಕೊನೆಯ ಚಿತ್ರ ಯಾವುದಿರಬೇಕೆಂದು ಆರಿಸಿಕೊಳ್ಳಲು ಬಿಟ್ಟರೆ ಇದನ್ನೇ ಆರಿಸುತ್ತೇನೆ ಎಂಬ ಅರ್ಥದ ಮಾತನ್ನು ಇವಾಯ್ ಹೇಳಿದ್ದಾನೆ. ಆಮೇಲೂ ಅನೇಕ ಚಿತ್ರ ಮಾಡಿದ, ಆದರೆ ಆ ಮಾತು ಸುಳ್ಳೆನ್ನುವಂಥದ್ದು ನನಗೆ ಯಾವುದೂ ಕಂಡಿಲ್ಲ.

ಕ್ರೀಡಾಂಗಣದ ಹೊರಗೆ ಏನಾಗುತ್ತದೆ? ಟಿಕೆಟ್ ಕಳೆದುಕೊಂಡ ಯುಯಿಚಿ ಹೊರಗಿನ ಪರದೆಯಲ್ಲಿ ಲಿಲಿಯನ್ನು ನೋಡುತ್ತಾ ನಿಂತಿರುತ್ತಾನೆ. ಕಛೇರಿ ಮುಗಿದು ಜನ ಹೊರಬಂದಾಗ, ಲಿಲಿ ಇಲ್ಲಿದ್ದಾಳೆ ಎಂದು ಕೂಗುತ್ತಾನೆ. ಜನ ನುಗ್ಗುತ್ತದೆ. ಆ ನುಗ್ಗಾಟದಲ್ಲಿ ಹೊಷಿನೊಗೆ ಚಾಕು ಹಾಕುತ್ತಾನೆ. ಲೋಕದಲ್ಲಿ ತನ್ನನ್ನು ಅರ್ಥಮಾಡಿಕೊಂಡಿದ್ದ ಒಂದೇ ಒಂದು ಜೀವವನ್ನು ಅವನು ಕೊಂದಿದ್ದಾನೆ, ಅದೂ ಗೊತ್ತಿದ್ದೂ. ಇದನ್ನು ನ್ಯಾಯ ಎನ್ನಲಾರೆ, ಬಿಡುಗಡೆ ಎನ್ನಲೂ ಆಗುವುದಿಲ್ಲ. ಇವಾಯ್ ಕೂಡ ಎರಡನ್ನೂ ಅಂದಿಲ್ಲ. ಮುಂದೆ ಶಾಲೆಯ ಒಂದು ಕೋಣೆಯಲ್ಲಿ ಕುನೊ ಡೆಬುಸ್ಸಿಯನ್ನು ನುಡಿಸುತ್ತಿರುತ್ತಾಳೆ, ಯುಯಿಚಿಗೆ ಅದು ಕೇಳಿಸುತ್ತದೆ. ಅವಳು ನುಡಿಸುತ್ತಿರುವುದು ಅವನಿಗಾಗಿ ಅಲ್ಲ.

ಈಗ ಅಧ್ಯಾಪಕ ಮಿತ್ರರಿಗೆ ಒಂದು ಮಾತು. ಶಾಲೆಯೊಳಗಿನ ಹಿಂಸೆಯನ್ನು ತಡೆಯಲೆಂದೇ ಜಪಾನ್ ಒಂದು ಕಾಯ್ದೆ ಮಾಡಿದ್ದು 2013ರಲ್ಲಿ, ಈ ಚಿತ್ರ ಬಂದು ಹನ್ನೆರಡು ವರ್ಷಕ್ಕೆ. ಒತ್ಸು ನಗರದ ಹುಡುಗನೊಬ್ಬ ಇಂಥದೇ ಹಿಂಸೆಗೆ ಸಿಕ್ಕು 2011ರಲ್ಲಿ ಜೀವ ಕಳೆದುಕೊಂಡ ಮೇಲೆ. ಚಿತ್ರದಲ್ಲಿರುವ ದೊಡ್ಡವರು ಯಾರೂ ದುಷ್ಟರಲ್ಲ. ಶಿಕ್ಷಕಿ ಒಳ್ಳೆಯವಳು, ತಾಯಿ ದುಡಿದು ದಣಿದವಳು. ಮಗು ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದೆ, ಅಂದರೆ ಹಾಡು ಕೇಳುತ್ತಿದೆ, ಅಂದರೆ ಸುಖವಾಗಿದೆ ಎಂದು ಅವರು ತಿಳಿದಿದ್ದಾರೆ, ಅಷ್ಟೇ.

ಈ ಚಿತ್ರವನ್ನು ನಿಮ್ಮ ಚಿತ್ರಸಮಾಜದಲ್ಲಿ ತೋರಿಸಿ. ಹೈಸ್ಕೂಲಿನ ಮಕ್ಕಳಿಗೆ ಬೇಡ. ಅವಮಾನದ, ಆತ್ಮಹತ್ಯೆಯ ದೃಶ್ಯಗಳಿವೆ, ಅವರನ್ನು ಸುಮ್ಮನೆ ಅದರ ಎದುರು ಕೂರಿಸುವುದು ಸರಿಯಲ್ಲ. ಹೈಸ್ಕೂಲಿನ ಮೇಷ್ಟ್ರುಗಳಿಗೆ, ಆ ವಯಸ್ಸಿನ ಮಕ್ಕಳಿರುವ ತಂದೆತಾಯಿಗೆ ತೋರಿಸಿ. ಮೊದಲ ಇಪ್ಪತ್ತು ನಿಮಿಷದಲ್ಲಿ ಯಾರಾದರೂ ಎದ್ದು ಹೋಗುತ್ತಾರೆ, ಹೋಗಲಿ. ಉಳಿದವರ ಜೊತೆ ಚಿತ್ರ ಮುಗಿದ ಮೇಲೆ ಒಂದು ಗಂಟೆ ಮಾತಿಗೆ ಇಟ್ಟುಕೊಳ್ಳಿ, ಮತ್ತು ಆ ಮಾತನ್ನು ಯುಯಿಚಿಯಿಂದ ಆರಂಭಿಸಬೇಡಿ, ಕುನೊಳಿಂದ ಆರಂಭಿಸಿ.